ಮನೆಯಲ್ಲೇ ಕಟ್ಟುವ ವಿಮಾನ: ಬೋಲ್ಟ್ ಆಯುವುದು, ತೂತು ಕೊರೆಯುವುದು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘಟಕರು ನನಗೆ ವಿಮಾನಗಳ ಬಗ್ಗೆ ಮಾತಾಡಿ ಎಂದು ಹೇಳಿದ್ದಾರೆ. ವಿಷಯ ಬಹಳ ದೊಡ್ಡದು, ನನ್ನ ತಿಳಿವಳಿಕೆ ಚಿಕ್ಕದು. ನಾನು ಈ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿತು, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ 34 ವರ್ಷ ದುಡಿದು ನಿವೃತ್ತನಾದವನು. ವಿಮಾನ ಹಾರಿಸಿದವನೂ ಅಲ್ಲ, ಅದರ ನಕ್ಷೆ ಬರೆದವನೂ ಅಲ್ಲ. ನನ್ನ ಕೈಗೆ ಗೊತ್ತಿರುವುದು ಬೋಲ್ಟು, ನಟ್ಟು ಮತ್ತು ಡ್ರಿಲ್ಲು. ಆದ್ದರಿಂದ ಇವತ್ತು ಬೋಲ್ಟಿನ ವಿಷಯವನ್ನೇ ಹೇಳುತ್ತೇನೆ. ಕೇಳಿದ ಮೇಲೆ ನಿಮ್ಮ ಟ್ರ್ಯಾಕ್ಟರು, ಟಿಲ್ಲರು, ಪಂಪ್‌ಸೆಟ್ಟುಗಳನ್ನು ನೋಡುವ ಕಣ್ಣು ಸ್ವಲ್ಪ ಬದಲಾದರೆ ನಾನು ಬಂದದ್ದು ಸಾರ್ಥಕ.

ನಿವೃತ್ತಿಯಾದ ಮೇಲೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ಮಗಳ ಮನೆಗೆ ಆರು ತಿಂಗಳು ಹೋಗಿದ್ದೆ. ಹೆತ್ತವರು ಅಲ್ಲಿಗೆ ಹೋದರೆ ಮೊಮ್ಮಕ್ಕಳನ್ನು ಆಡಿಸುವುದು, ಸಂಜೆ ಬೀದಿ ಸುತ್ತುವುದು, ಇಷ್ಟೇ ಕೆಲಸ. ಹೀಗೆ ಸುತ್ತುವಾಗ ಪಕ್ಕದ ಬೀದಿಯ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ವಿಮಾನದ ರೆಕ್ಕೆ ಕಂಡಿತು. ಆ ಮನೆಯವರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು. ಎಂಟು ವರ್ಷದಿಂದ ಎರಡು ಸೀಟಿನ ಅಲ್ಯುಮಿನಿಯಂ ವಿಮಾನವೊಂದನ್ನು ತಮ್ಮ ಕೈಯಾರೆ ಕಟ್ಟುತ್ತಿದ್ದರು. ನಾನು ಏನು ಕೆಲಸ ಮಾಡಿದವನು ಎಂದು ಗೊತ್ತಾದ ದಿನದಿಂದ ಅವರು ನನ್ನನ್ನು ಬಿಡಲಿಲ್ಲ. ಬೆಳಗಿನ ತಿಂಡಿ ಮುಗಿಸಿ ನಾನು ಅವರ ಶೆಡ್ಡಿಗೆ ಹೋಗುವುದು ರೂಢಿಯಾಯಿತು.

ಮನೆಯಲ್ಲಿ ವಿಮಾನ ಕಟ್ಟುವುದು ಆ ದೇಶದಲ್ಲಿ ಕಾನೂನಿಗೆ ಒಳಪಟ್ಟ ಹವ್ಯಾಸ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಯುವುದಕ್ಕಾಗಿ, ಸಂತೋಷಕ್ಕಾಗಿ ತಾವೇ ಮಾಡಿರಬೇಕು ಎಂಬುದು ನಿಯಮ. ಹಾರುವ ಮೊದಲು ಒಬ್ಬ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಆಮೇಲೂ ಸಾಮಾನ್ಯವಾಗಿ 25 ಅಥವಾ 40 ಗಂಟೆ ಗೊತ್ತುಪಡಿಸಿದ ಜಾಗದ ಮೇಲೆ ಮಾತ್ರ ಪರೀಕ್ಷೆಗಾಗಿ ಹಾರಿಸಬೇಕು. ಇಂಥ ಹವ್ಯಾಸಿಗಳಿಗಾಗಿ ಪಾಲ್ ಪೊಬೆರೆಜ್ನಿ ಎನ್ನುವವರು 1953ರಲ್ಲಿ ಅದೇ ವಿಸ್ಕಾನ್ಸಿನ್‌ನಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದರು. 1970ರಿಂದ ಅದರ ವಾರ್ಷಿಕ ಮೇಳ ಆಶ್‌ಕಾಶ್ ಎಂಬ ಊರಿನಲ್ಲಿ ನಡೆಯುತ್ತದೆ. ನಮ್ಮ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಹಾಗೆ ಅಲ್ಲಿಗೆ ವಿಮಾನದಲ್ಲೇ ಬಂದು, ರೆಕ್ಕೆಯ ಕೆಳಗೆ ಡೇರೆ ಹಾಕಿ ಮಲಗುತ್ತಾರೆ.

ಕಾರ್ಖಾನೆಗೂ ಶೆಡ್ಡಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಾರ್ಖಾನೆಯಲ್ಲಿ ನಾನು ಒಂದು ಬೋಲ್ಟ್ ಹಾಕಿದರೆ ಅದನ್ನು ಇನ್‌ಸ್ಪೆಕ್ಟರ್ ನೋಡುತ್ತಿದ್ದರು, ಸೀಲ್ ಒತ್ತುತ್ತಿದ್ದರು, ಪುಸ್ತಕದಲ್ಲಿ ಬರೆಯುತ್ತಿದ್ದರು. ಶೆಡ್ಡಿನಲ್ಲಿ ಬೋಲ್ಟ್ ಆಯುವವರೂ ಅವರೇ, ತೂತು ಕೊರೆಯುವವರೂ ಅವರೇ, ಬಿಗಿಯುವವರೂ ಅವರೇ, ಕೊನೆಗೆ ಅದರ ಮೇಲೆ ಕೂತು ಮೇಲಕ್ಕೆ ಹೋಗುವವರೂ ಅವರೇ. ಕೊನೆಗೆ ಬರುವ ಇನ್‌ಸ್ಪೆಕ್ಟರಿಗೆ ಬೋಲ್ಟಿನ ತಲೆ ಕಾಣುತ್ತದೆ, ತೂತಿನ ಒಳಗೆ ಏನಿದೆ ಎಂಬುದು ಕಾಣುವುದಿಲ್ಲ. ಅದು ಗೊತ್ತಿರುವುದು ಕೊರೆದವನೊಬ್ಬನಿಗೇ.

ಈಗ ಬೋಲ್ಟ್ ಮಾಡುವ ಕೆಲಸ ಏನು ಎಂಬುದಕ್ಕೆ ಬರೋಣ. ಎಲ್ಲರೂ ಬೋಲ್ಟ್ ಅಂದರೆ ಬಿಗಿಹಿಡಿಯುವ ವಸ್ತು ಎಂದುಕೊಳ್ಳುತ್ತೇವೆ. ಇಲ್ಲಿರುವ ಹಿರಿಯರು ಎತ್ತಿನ ಗಾಡಿಯನ್ನು ನೆನಪು ಮಾಡಿಕೊಳ್ಳಿ. ಗಾಡಿಯ ಭಾರವನ್ನು ಹೊರುವುದು ಅಚ್ಚು. ಅಚ್ಚಿನ ತುದಿಗೆ ಹಾಕುವ ಕಡಾಣಿ ಭಾರ ಹೊರುವುದಿಲ್ಲ, ಚಕ್ರ ಕಳಚಿಕೊಳ್ಳದ ಹಾಗೆ ತಡೆಯುತ್ತದೆ ಅಷ್ಟೆ. ವಿಮಾನದ ಎಷ್ಟೋ ಜೋಡಣೆಗಳಲ್ಲಿ ಹೀಗೆಯೇ. ಎರಡು ತಗಡು ಅಥವಾ ಪಟ್ಟಿ ಒಂದರ ಮೇಲೊಂದು ಕೂತಿರುತ್ತವೆ, ಒಂದು ಈ ಕಡೆ ಎಳೆಯುತ್ತದೆ, ಇನ್ನೊಂದು ಆ ಕಡೆ. ನಡುವೆ ಅಡ್ಡ ನಿಂತ ಬೋಲ್ಟನ್ನು ಕತ್ತರಿಯ ಹಾಗೆ ಕತ್ತರಿಸಲು ನೋಡುತ್ತವೆ. ಈ ಕತ್ತರಿಸುವ ಬಲವನ್ನು ನಾವು ಶಿಯರ್ ಅನ್ನುತ್ತೇವೆ. ಅದನ್ನು ತಡೆಯುವುದು ಬೋಲ್ಟಿನ ನಯವಾದ ಕಾಂಡ. ಅಂಥ ಕಡೆ ನಟ್ಟು ಕಡಾಣಿ ಇದ್ದ ಹಾಗೆ.

ಇಷ್ಟು ಅರ್ಥವಾದರೆ ಬೋಲ್ಟ್ ಆಯುವ ಮೊದಲ ಸೂತ್ರ ತಾನಾಗಿಯೇ ಬರುತ್ತದೆ. ತಗಡುಗಳು ಕೂರಬೇಕಾದದ್ದು ನಯವಾದ ಕಾಂಡದ ಮೇಲೆ, ಥ್ರೆಡ್ಡಿನ ಮೇಲೆ ಅಲ್ಲ. ಥ್ರೆಡ್ ಇರುವ ಜಾಗದಲ್ಲಿ ಬೋಲ್ಟು ಒಳಗಿನಿಂದ ಸಣ್ಣದಾಗಿರುತ್ತದೆ, ಪ್ರತಿ ಸುತ್ತಿನ ಬುಡವೂ ಬಿರುಕು ಹುಟ್ಟಲು ಅನುಕೂಲವಾದ ಗೆರೆ. ಜೊತೆಗೆ ಥ್ರೆಡ್ಡಿನ ಚೂಪು ತುದಿಗಳು ಅರದ ಹಾಗೆ ತೂತನ್ನು ತಿಂದು ದೊಡ್ಡದು ಮಾಡುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಷ್ಟೋ ಬೋಲ್ಟುಗಳಿಗೆ ತಲೆಯವರೆಗೂ ಥ್ರೆಡ್ ಇರುತ್ತದೆ. ಗೇಟಿಗೆ, ಬೆಂಚಿಗೆ ಅವು ಸರಿ. ರೆಕ್ಕೆಗೆ ಸಲ್ಲುವುದಿಲ್ಲ.

ವಿಮಾನಕ್ಕೆ ಬಳಸುವ ಸಾಮಾನ್ಯ ಬೋಲ್ಟಿಗೆ ಎಎನ್ ಬೋಲ್ಟ್ ಎಂದು ಹೆಸರು. ಹೆಸರಿನಲ್ಲೇ ಅದರ ಜಾತಕ ಇರುತ್ತದೆ. ಎಎನ್4-7 ಎಂದು ಬರೆದಿದ್ದರೆ, 4 ಎಂದರೆ ದಪ್ಪ, ಅಂಗುಲವನ್ನು ಹದಿನಾರು ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು, ಅಂದರೆ ಕಾಲು ಅಂಗುಲ. 7 ಎಂದರೆ ಉದ್ದ, ಅಂಗುಲದ ಎಂಟನೇ ಪಾಲಿನ ಲೆಕ್ಕದಲ್ಲಿ ಸುಮಾರು ಏಳು. ನಮ್ಮ ಬಡಗಿಗಳು, ಗಾರೆ ಕೆಲಸದವರು ಈ ಎಂಟನೇ ಪಾಲಿಗೆ ಸೂತ್ ಅನ್ನುತ್ತಾರಲ್ಲ, ಅದೇ. ಏಳು ಸೂತಿನ ಬೋಲ್ಟ್. ಇಲ್ಲಿ ಒಂದು ತಮಾಷೆ ಇದೆ. ಏಳರ ನಂತರ ಎಂಟು, ಒಂಬತ್ತು ಬರುವುದಿಲ್ಲ, ನೇರ ಹತ್ತು ಬರುತ್ತದೆ. 10 ಎಂದರೆ ಒಂದು ಅಂಗುಲ, ಸೊನ್ನೆ ಸೂತ್. 12 ಎಂದರೆ ಒಂದು ಅಂಗುಲ, ಎರಡು ಸೂತ್. ಎಂಟು ಸೂತಿಗೆ ಒಂದು ಅಂಗುಲವಾಗುವುದರಿಂದ ಎಂಟು ಒಂಬತ್ತಕ್ಕೆ ಜಾಗವೇ ಇಲ್ಲ. ಮಕ್ಕಳು ಮನೆಗೆ ಹೋಗಿ ಹದಿನೈದರ ಉದ್ದ ಎಷ್ಟು ಎಂದು ಲೆಕ್ಕ ಮಾಡಿ ನೋಡಿ.

ಕೊನೆಯಲ್ಲಿ ಎ ಅಕ್ಷರ ಇದ್ದರೆ ಬೋಲ್ಟಿನ ತುದಿಯಲ್ಲಿ ಪಿನ್ನಿಗೆ ತೂತು ಇಲ್ಲ ಎಂದರ್ಥ. ನಡುವೆ ಎಚ್ ಇದ್ದರೆ ತಲೆಯಲ್ಲಿ ತಂತಿ ಪೋಣಿಸಲು ತೂತು ಇದೆ ಎಂದರ್ಥ. ತಲೆಯ ಮೇಲೆ ನಕ್ಷತ್ರದಂಥ ಅಥವಾ ಅಡ್ಡಗೆರೆಗಳ ಗುರುತು ಇದ್ದರೆ ಮಾಮೂಲು ಉಕ್ಕಿನ ಎಎನ್ ಬೋಲ್ಟ್. ತ್ರಿಕೋನ ಇದ್ದರೆ ಕಾಂಡವನ್ನು ಇನ್ನೂ ನಿಖರವಾಗಿ ಮಾಡಿದ ಬೋಲ್ಟ್. ಗುರುತು ಏನೂ ಇಲ್ಲದ ಬೋಲ್ಟ್ ಎಷ್ಟು ಹೊಳೆಯುತ್ತಿದ್ದರೂ ಅದನ್ನು ಆ ಶೆಡ್ಡಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಇದರ ಬಲ ಎಷ್ಟು? ನಿಮ್ಮ ಟ್ರ್ಯಾಕ್ಟರಿನ ಬೋಲ್ಟಿನ ತಲೆ ಮೇಲೆ 8.8 ಎಂದು ಬರೆದಿರುತ್ತದೆ. ಅಂದರೆ ಎಳೆದು ತುಂಡು ಮಾಡಲು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಬಲ ಬೇಕು. ಎಎನ್ ಬೋಲ್ಟಿಗೆ ಸುಮಾರು 860. 10.9 ಎಂಬ ಗುರುತಿನದಕ್ಕೆ 1000, 12.9 ಎಂಬುದಕ್ಕೆ 1200. ಹಾಗಾದರೆ ಅಂಗಡಿಯ 12.9 ಹಾಕಿದರೆ ಇನ್ನೂ ಭದ್ರ ತಾನೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಶೆಡ್ಡಿಗೆ ಬರುತ್ತಿದ್ದ ಒಬ್ಬ ಹುಡುಗನೂ ಇದನ್ನೇ ಕೇಳಿದ. ಉಕ್ಕು ಗಟ್ಟಿಯಾದಷ್ಟೂ ಅದರ ಬಾಗುವ ಗುಣ ಕಡಿಮೆಯಾಗುತ್ತದೆ. ಅತಿಯಾದ ಹೊರೆ ಬಿದ್ದಾಗ ಎಎನ್ ಬೋಲ್ಟ್ ಮೊದಲು ಬಾಗುತ್ತದೆ, ಹಿಗ್ಗುತ್ತದೆ. ತಪಾಸಣೆ ಮಾಡುವವನ ಕಣ್ಣಿಗೆ ಅದು ಬೀಳುತ್ತದೆ. ಮುನ್ಸೂಚನೆ ಕೊಡುವ ವಸ್ತುವಿಗೆ ವಿಮಾನದಲ್ಲಿ ಬೆಲೆ ಹೆಚ್ಚು. ಇನ್ನೊಂದು ಕಾರಣ, ಕಾಂಡದ ಉದ್ದ ಮತ್ತು ದಪ್ಪದಲ್ಲಿ ಸಿಗುವ ಖಚಿತತೆ. ಕಾಲು ಅಂಗುಲದ ಒಂದೇ ಒಂದು ಎಎನ್ ಬೋಲ್ಟನ್ನು ಒಂದು ಕಡೆ ಕತ್ತರಿಸಲು ಸುಮಾರು 3,680 ಪೌಂಡ್, ಅಂದರೆ 1,600 ಕಿಲೋಗಿಂತ ಹೆಚ್ಚು ಬಲ ಬೇಕು. ಬಲ ಬೇಕಾದಷ್ಟಿದೆ. ಆ ಬಲ ಸರಿಯಾದ ಜಾಗಕ್ಕೆ ತಲುಪುತ್ತದೆಯೇ ಎಂಬುದೇ ಪ್ರಶ್ನೆ.

ಅದಕ್ಕೆ ಮೊದಲು ಉದ್ದ ಸರಿಯಾಗಬೇಕು. ಥ್ರೆಡ್ ಇಲ್ಲದ ಕಾಂಡದ ಉದ್ದಕ್ಕೆ ಗ್ರಿಪ್ ಎನ್ನುತ್ತೇವೆ. ಜೋಡಣೆಯ ಒಟ್ಟು ದಪ್ಪವೂ ಗ್ರಿಪ್ಪೂ ಸಮನಾಗಿರಬೇಕು. ಎಎನ್4-7ರ ಗ್ರಿಪ್ 7/16 ಅಂಗುಲ. ನಿಮ್ಮ ಜೋಡಣೆಯ ದಪ್ಪ 3/8 ಅಂಗುಲ ಎಂದಿಟ್ಟುಕೊಳ್ಳಿ. ಅಂದರೆ 6/16. ಹದಿನಾರನೇ ಒಂದು ಪಾಲು ಕಡಿಮೆ ಬಿತ್ತು. ಮಾಮೂಲು ವಿಮಾನ ವಾಷರಿನ ದಪ್ಪ ಸರಿಯಾಗಿ ಅಷ್ಟೇ ಇರುತ್ತದೆ. ನಟ್ಟಿನ ಕೆಳಗೆ ಒಂದು ವಾಷರ್ ಹಾಕಿದರೆ ಲೆಕ್ಕ ಸರಿಹೋಯಿತು. ಇನ್ನೂ ಸಣ್ಣ ವ್ಯತ್ಯಾಸಕ್ಕೆ ಅದರ ಅರ್ಧ ದಪ್ಪದ ವಾಷರೂ ಇದೆ. ಗ್ರಿಪ್ ಗಿಡ್ಡವಾದರೆ ಥ್ರೆಡ್ ತೂತಿನೊಳಗೆ ಬರುತ್ತದೆ. ಉದ್ದವಾದರೆ ಇನ್ನೂ ಮೋಸ. ಥ್ರೆಡ್ ಮುಗಿದ ಕಡೆ ನಟ್ಟು ನಿಂತುಬಿಡುತ್ತದೆ, ಕೈಗೆ ಬಿಗಿಯಾದ ಹಾಗೆ ಅನ್ನಿಸುತ್ತದೆ, ಆದರೆ ತಗಡುಗಳು ಒಳಗೆ ಸಡಿಲವಾಗಿಯೇ ಇರುತ್ತವೆ. ಬಿಗಿದ ಮೇಲೆ ನಟ್ಟಿನ ಆಚೆ ಒಂದರಿಂದ ಮೂರು ಸುತ್ತು ಥ್ರೆಡ್ ಕಾಣಬೇಕು. ಕಾಣದಿದ್ದರೆ ಬೋಲ್ಟ್ ಗಿಡ್ಡ. ತುಂಬಾ ಕಂಡರೆ ಉದ್ದದ ಲೆಕ್ಕ ಮತ್ತೆ ನೋಡಬೇಕು.

ಇದೆಲ್ಲ ಕಣ್ಣಳತೆಯಲ್ಲೇ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿಗೆ ಇಂಗ್ಲೆಂಡಿನಲ್ಲಿ ನಡೆದ ಒಂದು ಘಟನೆ ಹೇಳುತ್ತೇನೆ. ಅದು ಮನೆಯಲ್ಲಿ ಕಟ್ಟಿದ ವಿಮಾನವಲ್ಲ, ದೊಡ್ಡ ಪ್ರಯಾಣಿಕರ ವಿಮಾನ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸಿನ 5390 ಸಂಖ್ಯೆಯ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಾ ಊರಿಗೆ ಹೊರಟಿತ್ತು. 17,300 ಅಡಿ ಎತ್ತರದಲ್ಲಿ ಪೈಲಟ್ ಮುಂದಿನ ಗಾಜು ಕಿತ್ತು ಹಾರಿಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧ ಮೈ ಕಿಟಕಿಯ ಹೊರಗೆ ಸೆಳೆದುಹೋದರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು. ಸಹಪೈಲಟ್ ಅಲಿಸ್ಟೇರ್ ಆಚಿಸನ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಸೇರಿ ಎಲ್ಲರೂ ಬದುಕಿದರು.

ತನಿಖೆಯಲ್ಲಿ ಹೊರಬಿದ್ದದ್ದು ಬೋಲ್ಟಿನ ಕತೆ. ಹಾರಾಟಕ್ಕೆ 27 ಗಂಟೆ ಮೊದಲು ಆ ಗಾಜನ್ನು ಬದಲಾಯಿಸಿದ್ದರು. ಹಾಕಿದ್ದ 90 ಬೋಲ್ಟುಗಳಲ್ಲಿ 84 ದಪ್ಪದಲ್ಲಿ ಸಣ್ಣವು, ಉಳಿದ 6 ಗಿಡ್ಡವು. ದಪ್ಪದ ವ್ಯತ್ಯಾಸ 0.026 ಅಂಗುಲ. ನಮ್ಮ ಲೆಕ್ಕದಲ್ಲಿ ಮಿಲಿಮೀಟರಿನ ಮೂರನೇ ಎರಡು ಪಾಲು. ಕೆಲಸ ಮಾಡಿದವರು ಪುಸ್ತಕದಲ್ಲಿ ನಂಬರ್ ನೋಡದೆ, ಬಿಚ್ಚಿದ ಹಳೆಯ ಬೋಲ್ಟನ್ನು ಹೊಸದರ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಆರಿಸಿದ್ದರು. ಎರಡಕ್ಕೂ ಥ್ರೆಡ್ಡಿನ ಅಂತರ ಒಂದೇ ಆದ್ದರಿಂದ ಸಣ್ಣ ಬೋಲ್ಟೂ ಒಳಗೆ ತಿರುಗಿತು, ಕೂತ ಹಾಗೆ ಕಂಡಿತು. ಅನುಭವಸ್ಥರ ಕೈಯಲ್ಲೇ ಹೀಗಾಯಿತು. ಆದ್ದರಿಂದ ಹಳೆಯ ಬೋಲ್ಟ್ ಸರಿಯಾದದ್ದೇ ಎಂದು ನಂಬಬಾರದು, ಕಣ್ಣನ್ನೂ ನಂಬಬಾರದು. ನಂಬರ್ ನೋಡಬೇಕು, ವರ್ನಿಯರ್ ಹಿಡಿದು ಅಳೆಯಬೇಕು.

ಇನ್ನು ತೂತಿನ ವಿಷಯ. ಬೋಲ್ಟನ್ನು ದುಡ್ಡು ಕೊಟ್ಟು ತರಬಹುದು, ಕೆಟ್ಟರೆ ಇನ್ನೊಂದು ತರಬಹುದು. ತೂತನ್ನು ನಾವೇ ಮಾಡಬೇಕು, ಮಾಡಿದ ಮೇಲೆ ಅಳಿಸಲಾಗುವುದಿಲ್ಲ. ಸಡಿಲವಾದ ತೂತಿನಲ್ಲಿ ಎಷ್ಟು ಒಳ್ಳೆಯ ಬೋಲ್ಟ್ ಹಾಕಿದರೂ ಅದು ಎಂಜಿನ್ನಿನ ನಡುಕಕ್ಕೆ ಅಲುಗುತ್ತಲೇ ಇರುತ್ತದೆ. ಅಲುಗಿದಷ್ಟೂ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಂದೇ ಜೋಡಣೆಯಲ್ಲಿ ನಾಲ್ಕು ಬೋಲ್ಟ್ ಇದ್ದು ಮೂರು ಸಡಿಲವಾಗಿದ್ದರೆ ನಾಲ್ಕನೆಯದರ ಮೇಲೇ ಮೊದಲು ಎಲ್ಲ ಹೊರೆ ಬೀಳುತ್ತದೆ. ನಾಲ್ಕು ಜನ ಹೊರುವ ಮಂಚವನ್ನು ಒಬ್ಬ ಗಿಡ್ಡ, ಒಬ್ಬ ಉದ್ದ ಇರುವವರು ಹೊತ್ತ ಹಾಗೆ.

ಡ್ರಿಲ್ ಬಿಟ್ ದುಂಡಗಿದ್ದ ಮಾತ್ರಕ್ಕೆ ಅದು ಕೊರೆಯುವ ತೂತು ದುಂಡಗಿರುವುದಿಲ್ಲ. ತೆಳು ತಗಡಿನಲ್ಲಿ ಒಂದೇ ಸಲಕ್ಕೆ ದಪ್ಪ ಬಿಟ್ ಹಾಕಿದರೆ ತೂತು ಮೂರು ಮೂಲೆಯದಾಗಿ ಬರುತ್ತದೆ, ಅಳತೆಗಿಂತ ದೊಡ್ಡದೂ ಆಗುತ್ತದೆ. ಅದಕ್ಕೇ ಮೊದಲು ಸೆಂಟರ್ ಪಂಚಿನಿಂದ ಗುರುತು, ಆಮೇಲೆ ಸಣ್ಣ ಬಿಟ್ಟಿನಲ್ಲಿ ದಾರಿತೂತು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ದೊಡ್ಡದು. ಕಾಲು ಅಂಗುಲದ ತೂತು ಬೇಕಾದರೆ 15/64 ಅಂಗುಲದ ಬಿಟ್ಟಿಗೆ ನಿಲ್ಲಿಸಿ, ಉಳಿದ 1/64 ಅಂಗುಲವನ್ನು ರೀಮರಿನಲ್ಲಿ ತೆಗೆಯುತ್ತೇವೆ. ರೀಮರ್ ಹೊಸ ದಾರಿ ಮಾಡುವುದಿಲ್ಲ, ಇದ್ದ ತೂತನ್ನು ದುಂಡಗೆ, ನುಣುಪಾಗಿ ಮಾಡುತ್ತದೆ. ಅದನ್ನು ನಿಧಾನವಾಗಿ, ಸ್ವಲ್ಪ ಎಣ್ಣೆ ಹಾಕಿ, ಒಂದೇ ದಿಕ್ಕಿಗೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಅಲಗು ಮೊಂಡಾಗುತ್ತದೆ. ಕೊನೆಗೆ ಬೋಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ, ಇಲ್ಲವೇ ಮೆಲ್ಲಗೆ ತಟ್ಟಿದರೆ ಹೋಗಬೇಕು. ತಾನಾಗಿ ಜಾರಿ ಬೀಳುವುದೂ ತಪ್ಪು, ಸುತ್ತಿಗೆಯಲ್ಲಿ ಹೊಡೆದು ಕೂರಿಸುವುದೂ ತಪ್ಪು.

ಡ್ರಿಲ್ ಓರೆಯಾದರೆ ಬೋಲ್ಟಿನ ತಲೆ ಒಂದು ಅಂಚಿನ ಮೇಲಷ್ಟೇ ಕೂರುತ್ತದೆ, ಬಿಗಿದಾಗ ಕುತ್ತಿಗೆ ಬಾಗುತ್ತದೆ. ಆದ್ದರಿಂದ ದಪ್ಪ ಉಕ್ಕಿನ ತುಂಡಿನಲ್ಲಿ ಮೊದಲೇ ನೆಟ್ಟಗೆ ಕೊರೆದ ತೂತನ್ನು ಮಾರ್ಗದರ್ಶಿಯಾಗಿ ಹಿಡಿದು ಅದರ ಮೂಲಕವೇ ಕೊರೆಯುತ್ತೇವೆ. ಕೊರೆದ ಮೇಲೆ ತಗಡುಗಳನ್ನು ಬಿಡಿಸಿ, ಎರಡೂ ಕಡೆಯ ಮುಳ್ಳು ತೆಗೆದು, ನಡುವೆ ಸಿಕ್ಕಿದ ಪುಡಿ ಒರೆಸಿ ಮತ್ತೆ ಜೋಡಿಸಬೇಕು. ಆ ಮುಳ್ಳು ಹಾಗೇ ಉಳಿದರೆ ತಗಡುಗಳು ಅಂಟಿ ಕೂರುವುದಿಲ್ಲ. ಮುಂದೆ ಬಿರುಕು ಶುರುವಾಗುವುದೂ ಅಲ್ಲಿಂದಲೇ.

ತೂತು ಎಲ್ಲಿ ಬೀಳಬೇಕು ಎಂಬುದಕ್ಕೂ ನಿಯಮವಿದೆ. ತೂತಿನ ಕೇಂದ್ರದಿಂದ ತಗಡಿನ ಅಂಚಿಗೆ ಬೋಲ್ಟಿನ ದಪ್ಪದ ಎರಡರಷ್ಟಾದರೂ ಜಾಗ ಬೇಕು. ಇಲ್ಲದಿದ್ದರೆ ಬೋಲ್ಟ್ ಮುರಿಯುವುದಿಲ್ಲ, ಅಂಚು ಹರಿದು ಬೋಲ್ಟ್ ಹೊರಗೆ ಬರುತ್ತದೆ. ಹಳೆಯ ಅಂಗಿಯಲ್ಲಿ ಗುಂಡಿ ಗಟ್ಟಿಯಾಗಿಯೇ ಇದ್ದು ಕಾಜ ಹರಿಯುತ್ತದಲ್ಲ, ಹಾಗೆ. ಈ ಅಂಚು ಒಂದು ಉಳಿತಾಯವೂ ಹೌದು. ತೂತು ಸ್ವಲ್ಪ ಕೆಟ್ಟರೆ ಮುಂದಿನ ಅಳತೆಗೆ ದೊಡ್ಡದು ಮಾಡಿ ಮುಂದಿನ ದಪ್ಪದ ಬೋಲ್ಟ್ ಹಾಕಲು ಅಂಚಿನಲ್ಲಿ ಜಾಗ ಉಳಿದಿರಬೇಕು.

ನಾನು ಅಲ್ಲಿದ್ದ ಐದನೆಯ ತಿಂಗಳಿನಲ್ಲಿ ರೆಕ್ಕೆ ಜೋಡಿಸುವ ದಿನ ಬಂತು. ರೆಕ್ಕೆಯೊಳಗೆ ಎರಡು ತೊಲೆ ಇರುತ್ತವೆ. ಮುಂದಿನ ದೊಡ್ಡ ತೊಲೆಯ ತೂತುಗಳು ಕಾರ್ಖಾನೆಯಿಂದಲೇ ಕೊರೆದು ಬಂದಿದ್ದವು. ಹಿಂದಿನ ತೊಲೆಯದು ಹಾಗಲ್ಲ. ರೆಕ್ಕೆಯನ್ನು ಮೈಗೆ ಸೇರಿಸಿ, ಕೋನ ಸರಿಯಾಗಿ ಹೊಂದಿಸಿ, ನಿಂತ ಜಾಗದಲ್ಲೇ 5/16 ಅಂಗುಲದ ಒಂದೇ ಒಂದು ತೂತು ಕೊರೆಯಬೇಕು. ರೆಕ್ಕೆ ಎಷ್ಟು ಕೋನಕ್ಕೆ ನಿಲ್ಲುತ್ತದೆ ಎಂಬುದನ್ನು ಆ ತೂತು ಶಾಶ್ವತವಾಗಿ ತೀರ್ಮಾನ ಮಾಡುತ್ತದೆ. ಬೋಲ್ಟಿನ ದಪ್ಪ 5/16 ಆದ್ದರಿಂದ ಅಂಚಿಗೆ 5/8 ಅಂಗುಲ ಬೇಕು, ರೆಕ್ಕೆಯ ಪಟ್ಟಿಯಲ್ಲೂ ಬೇಕು, ಮೈಯ ಪಟ್ಟಿಯಲ್ಲೂ ಬೇಕು.

ಮೇಷ್ಟ್ರು ಹಿಂದಿನ ರಾತ್ರಿ ಒಬ್ಬರೇ ಅಳೆದು ಗುರುತು ಹಾಕಿದ್ದರು. ಬೆಳಿಗ್ಗೆ ನಾವಿಬ್ಬರೂ ನೋಡಿದಾಗ ಎಡ ರೆಕ್ಕೆಯ ಪಟ್ಟಿಯಲ್ಲಿ 5/8 ಇತ್ತು, ಮೈಯ ಪಟ್ಟಿಯಲ್ಲಿ 9/16 ಮಾತ್ರ. ಕೊರತೆ 1/16 ಅಂಗುಲ, ಒಂದೂವರೆ ಮಿಲಿಮೀಟರ್. ನೋಡಲು ಬಂದಿದ್ದ ಅವರ ಸ್ನೇಹಿತರೊಬ್ಬರು ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ, ಕೊರೆಯಿರಿ ಅಂದರು. ಮೇಷ್ಟ್ರು ನನ್ನ ಮುಖ ನೋಡಿದರು. ಎಂಟು ವರ್ಷದ ಕೆಲಸ, ಡ್ರಿಲ್ ಕೈಯಲ್ಲೇ ಇತ್ತು. ನಾನು ಹೇಳಿದೆ, ಕೊರೆದ ಮೇಲೆ ಅಳೆದು ಏನು ಪ್ರಯೋಜನ, ಮೊದಲು ಇನ್ನೊಮ್ಮೆ ಅಳೆಯೋಣ.

ಆಗ ಅವರು ಮಾಡಿದ್ದನ್ನು ಇಲ್ಲಿನ ಹತ್ತನೇ ತರಗತಿಯ ಮಕ್ಕಳು ಗಮನವಿಟ್ಟು ಕೇಳಬೇಕು. ಒಂದು ಹಾಳೆಯ ಮೇಲೆ ಸಮರೂಪ ತ್ರಿಭುಜ ಬರೆದರು. ರೆಕ್ಕೆ ತಿರುಗುವುದು ಮುಂದಿನ ತೊಲೆಯ ಬುಡದ ಸುತ್ತ. ಅಲ್ಲಿಂದ ರೆಕ್ಕೆಯ ತುದಿಗೆ ಸುಮಾರು ಹತ್ತು ಅಡಿ. ಅಲ್ಲಿಂದ ಹಿಂದಿನ ತೊಲೆಗೆ ಸುಮಾರು ಎರಡೂವರೆ ಅಡಿ. ನಾಲ್ಕಕ್ಕೆ ಒಂದರ ಅನುಪಾತ. ಹಾಗಾದರೆ ಬುಡದಲ್ಲಿ 1/16 ಅಂಗುಲ ಕೊರತೆ ಬರಬೇಕಾದರೆ ತುದಿಯಲ್ಲಿ ಕಾಲು ಅಂಗುಲ ವ್ಯತ್ಯಾಸ ಇರಬೇಕು. ರೆಕ್ಕೆಯ ತುದಿ ಎಲ್ಲೋ ಕಾಲು ಅಂಗುಲ ಮುಂದಕ್ಕೆ ಹೋಗಿದೆ, ಹುಡುಕೋಣ ಅಂದರು. ಎರಡೂ ರೆಕ್ಕೆಯ ತುದಿಯಿಂದ ಬಾಲದ ತುದಿಗೆ ದೂರ ಸಮನಾಗಿರಬೇಕು. ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವರು ಹಿಡಿದು ಬಿಗಿಯಾಗಿ ಎಳೆದರು. ಸಿಕ್ಕಿತು. ಹಿಂದಿನ ರಾತ್ರಿ ಒಬ್ಬರೇ ಬಲಗಡೆ ಅಳೆಯುವಾಗ ಟೇಪ್ ನಡುವೆ ಜೋಲು ಬಿದ್ದು ಅಳತೆ ಜಾಸ್ತಿ ತೋರಿಸಿತ್ತು. ಅದಕ್ಕೆ ಸಮ ಮಾಡಲು ಎಡ ರೆಕ್ಕೆಯನ್ನು ಮುಂದಕ್ಕೆ ತಂದಿದ್ದರು. ತುದಿಯನ್ನು ಹಿಂದಕ್ಕೆ ಸರಿಸಿ, ತೂಗುಗುಂಡಿನ ದಾರ ಇಳಿಬಿಟ್ಟು, ಮಟ್ಟಗೋಲು ಇಟ್ಟು ಎಲ್ಲವನ್ನೂ ಮತ್ತೆ ನೋಡಿದೆವು. ಎರಡೂ ಪಟ್ಟಿಯಲ್ಲಿ 5/8 ಬಂತು.

ಅಳೆಯಲು ಎರಡು ದಿನ ಹಿಡಿಯಿತು. ಕೊರೆಯಲು ಇಪ್ಪತ್ತು ನಿಮಿಷ. ಕ್ಲ್ಯಾಂಪ್ ಬಿಗಿದು, ಮಾರ್ಗದರ್ಶಿ ಹಿಡಿದು, ಸಣ್ಣ ಬಿಟ್ಟಿನಿಂದ ಶುರುಮಾಡಿ 19/64ರವರೆಗೆ ಹೋಗಿ, ಕೊನೆಗೆ ರೀಮರ್. ಬೋಲ್ಟ್ ಹೆಬ್ಬೆರಳಿನ ಒತ್ತಿಗೆ ಒಳಗೆ ಹೋಯಿತು. ಮೇಷ್ಟ್ರು ಅದನ್ನು ಮೂರು ಸಲ ತೆಗೆದು ಮೂರು ಸಲ ಹಾಕಿ ನೋಡಿದರು. ಅವರ ಮನೆಯಾಕೆ ಕಾಫಿ ತಂದಿಟ್ಟಿದ್ದರು, ಅದು ಆರಿಹೋಗಿತ್ತು.

ಬಿಗಿಯುವುದರ ಬಗ್ಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಬೋಲ್ಟನ್ನು ಹಿಡಿದು ನಟ್ಟನ್ನು ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಕಷ್ಟಪಟ್ಟು ಮಾಡಿದ ತೂತು ಸವೆಯುತ್ತದೆ. ಎಷ್ಟು ಬಿಗಿ ಎಂಬುದಕ್ಕೂ ಅಳತೆ ಇದೆ. ಕಾಲು ಅಂಗುಲದ ಬೋಲ್ಟಿಗೆ 50ರಿಂದ 70 ಇಂಚ್-ಪೌಂಡ್. ಅಂದರೆ ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಗೆ ಎರಡು, ಎರಡೂವರೆ ಕಿಲೋ ತೂಕ ನೇತುಹಾಕಿದಷ್ಟು. 3/16 ಅಂಗುಲದ್ದಕ್ಕೆ ಇನ್ನೂ ಕಡಿಮೆ, ಒಂದು ಕಿಲೋಗಿಂತ ಒಳಗೆ. ನಮ್ಮ ವರ್ಕ್‌ಷಾಪುಗಳಲ್ಲಿ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆಯುವ ಅಭ್ಯಾಸವಿದೆ. ಆ ಎಳೆತಕ್ಕೆ ಸಣ್ಣ ಬೋಲ್ಟು ಹಿಗ್ಗಿ, ಅರ್ಧ ಸತ್ತು, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಾ ಕೂತಿರುತ್ತದೆ.

ನಟ್ಟು ಯಾವುದು ಎಂಬುದು ಜಾಗದ ಮೇಲೆ ಹೋಗುತ್ತದೆ. ಅಲುಗದೆ ನಿಂತ ಜೋಡಣೆಗೆ ಒಳಗೆ ನೈಲಾನ್ ಉಂಗುರವಿರುವ ನಟ್ಟು ಸಾಕು. ಎಂಜಿನ್ ಪಕ್ಕದ ಬಿಸಿಯಲ್ಲಿ ನೈಲಾನ್ ಕೆಲಸಕ್ಕೆ ಬರುವುದಿಲ್ಲ. 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಅದರ ಮಿತಿ. ಅಲ್ಲಿಗೆ ಪೂರ್ತಿ ಲೋಹದ್ದೇ ಬೇಕು. ಪೈಲಟ್ ಕೋಲು ಆಡಿಸಿದಾಗ ತಿರುಗುವ ಕೀಲುಗಳಿಗೆ ಕೋಟೆಯ ತೆನೆಯಂತೆ ಸೀಳಿರುವ ನಟ್ಟು ಹಾಕಿ, ಬೋಲ್ಟಿನ ತುದಿಯ ತೂತಿನಲ್ಲಿ ಕಾಟರ್ ಪಿನ್ ತೂರಿಸಿ ಕಿವಿ ಮಡಚಬೇಕು. ಅದು ನಿಜವಾಗಿಯೂ ಕಡಾಣಿಯೇ. ಸಾಧ್ಯವಾದ ಕಡೆಯೆಲ್ಲ ಬೋಲ್ಟಿನ ತಲೆ ಮೇಲಕ್ಕೆ ಅಥವಾ ಮುಂದಕ್ಕೆ ಇರಬೇಕು. ಅಕಸ್ಮಾತ್ ನಟ್ಟು ಕಳಚಿ ಬಿದ್ದರೂ ಬೋಲ್ಟ್ ತೂತಿನಲ್ಲೇ ಉಳಿಯಲಿ ಎಂಬ ಕಾರಣಕ್ಕೆ.

ನಾನು ಊರಿಗೆ ಬಂದ ಮೇಲೆ ಮುಂದಿನ ಬೇಸಿಗೆಯಲ್ಲಿ ಆ ವಿಮಾನ ಹಾರಿತು. ಮಗಳು ಫೋನಿನಲ್ಲಿ ವಿಡಿಯೋ ಕಳಿಸಿದ್ದಳು. ಮೇಷ್ಟ್ರು ಒಬ್ಬರೇ ಕೂತು ಊರಿನ ಮೇಲೆ ಎರಡು ಸುತ್ತು ಹಾಕಿ ಇಳಿದರು.

ಈಗ ನಮ್ಮೂರಿನ ಮಾತು. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವಿನ ಪಿನ್ ಕಳೆದುಹೋದರೆ ಕೈಗೆ ಸಿಕ್ಕ ಬೋಲ್ಟನ್ನೋ ಸಲಾಕೆಯ ತುಂಡನ್ನೋ ಸಿಕ್ಕಿಸಿ ಹೊರಡುವುದನ್ನು ನಾವೆಲ್ಲ ನೋಡಿದ್ದೇವೆ. ಆ ಪಿನ್ನೂ ಕತ್ತರಿಸುವ ಬಲವನ್ನೇ ತಡೆಯುತ್ತಿರುತ್ತದೆ. ಅದರ ತೂತೂ ಸವೆದು ಮೊಟ್ಟೆಯಾಕಾರವಾಗಿರುತ್ತದೆ. ಟ್ರಾಲಿಯ ಮೇಲೆ ಕೂಲಿಗೆ ಹೊರಟ ಹೆಣ್ಣುಮಕ್ಕಳು ಕೂತಿರುತ್ತಾರೆ. ಇವತ್ತು ಮನೆಗೆ ಹೋದ ಮೇಲೆ ಆ ಪಿನ್ನನ್ನು ಒಮ್ಮೆ ಹೊರಗೆಳೆದು ನೋಡಿ. ಬಾಗಿದ್ದರೆ, ನಡುವೆ ಗಾಡಿ ಅಚ್ಚಿನ ಹಾಗೆ ಸವೆದಿದ್ದರೆ ಬದಲಾಯಿಸಿ. ಅದಕ್ಕೆಂದೇ ಮಾಡಿದ ಪಿನ್ ತನ್ನಿ, ತುದಿಯ ಕಡಾಣಿ ಮರೆಯಬೇಡಿ.

ಶಾಲೆಗೆ ಏನಾದರೂ ಕೊಡಬೇಕು ಎಂದು ಯೋಚಿಸಿ ಪ್ರಯೋಗಾಲಯಕ್ಕೆ ನಾಲ್ಕು ವರ್ನಿಯರ್ ಕ್ಯಾಲಿಪರ್ ಮತ್ತು ಒಂದು ಮರದ ಡಬ್ಬಿ ತಂದಿದ್ದೇನೆ. ಡಬ್ಬಿಯಲ್ಲಿ ನಲವತ್ತು ಬೋಲ್ಟುಗಳಿವೆ. ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ ಅವುಗಳಲ್ಲಿ ಮೂರು ದಪ್ಪ, ನಾಲ್ಕು ಗ್ರಿಪ್ ಬೆರೆತಿವೆ. ವಿಜ್ಞಾನ ಮೇಷ್ಟ್ರಲ್ಲಿ ನನ್ನ ಕೋರಿಕೆ ಇಷ್ಟೇ. ಎಂಟನೇ ತರಗತಿಗೆ ಬರುವ ಪ್ರತಿ ಮಗುವೂ ವರ್ಷಕ್ಕೊಮ್ಮೆ ಅವನ್ನು ಅಳೆದು ಬೇರೆ ಬೇರೆ ಮಾಡಲಿ, ಯಾವುದು ಎಷ್ಟು ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಲಿ. ಉತ್ತರದ ಹಾಳೆಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ಮಕ್ಕಳೇ, ಅದನ್ನು ಅವರ ಬೀರುವಿನಿಂದ ಕದಿಯಬೇಡಿ.